ಮಂಜಿನೊಳಗೆ ವೈನಿಯ ದಿಂಡಿ

ಬ್ರಿಜ್ ಆಫ್ ಆರ್ಕಿ

ಸ್ಕಾಟ್ಲೆಂಡಿಗೆ ಹೋಗಿ ಏನು ನೋಡಿದಿರಿ ಎಂದು ಭಾಲ್ಕಿಯಲ್ಲಿ ಯಾರೇ ಕೇಳಲಿ, ನನ್ನ ಉತ್ತರ ಒಂದೇ: ನಮ್ಮ ವೈನಿಯ ಬೆನ್ನು. ಅದರಾಚೆ ಬೆಟ್ಟಗಳಿದ್ದವಂತೆ, ಸರೋವರಗಳಿದ್ದವಂತೆ, ಜಿಂಕೆಗಳೂ ಇದ್ದವಂತೆ. ಮಂಜು ನನಗೆ ಯಾವುದನ್ನೂ ತೋರಿಸಲಿಲ್ಲ. ಕೆಂಪು ರೇನ್‌ಕೋಟು ಹೊದ್ದ ಆ ಬೆನ್ನು ಬೆಳಗಿನಿಂದ ಸಂಜೆಯವರೆಗೆ ಕುಂಟುತ್ತ ಮುಂದೆ ಹೋಗುತ್ತಿತ್ತು, ನಾನು ಏದುಸಿರು ಬಿಡುತ್ತ ಹಿಂದೆ ಹೋಗುತ್ತಿದ್ದೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ ಕಮಲಾ. ಔರಾದಿನಲ್ಲಿ ಅವರ ಮನೆ. ನಾನು ಬೀದರಿನ ಚಿದ್ರಿಯಲ್ಲಿದ್ದು, ದಿನಾ ಬಸ್ಸು ಹಿಡಿದು ಭಾಲ್ಕಿಗೆ ಹೋಗಿ ಕಾಲೇಜಿನಲ್ಲಿ ಭೂಗೋಳ ಕಲಿಸುವವಳು. ನಕಾಶೆಯ ಮೇಲೆ ಕಡ್ಡಿ ಆಡಿಸುತ್ತ ‘ಇದು ಸ್ಕಾಟ್ಲೆಂಡಿನ ಎತ್ತರದ ನಾಡು, ಇಲ್ಲಿ ಸದಾ ಮಂಜು’ ಎಂದು ವರ್ಷಗಟ್ಟಲೆ ಹೇಳಿ ಹೇಳಿ, ಒಮ್ಮೆ ಅಲ್ಲಿ ಕಾಲಿಟ್ಟು ಬರಬೇಕೆಂಬ ಹುಚ್ಚು ಹತ್ತಿತ್ತು. ನಮ್ಮ ಯಜಮಾನರಿಗೆ ಚಳಿಯ ಹೆಸರು ಕೇಳಿದರೇ ನೆಗಡಿ. ಅವರು ಒಲ್ಲೆ ಎಂದ ದಿನವೇ ವೈನಿ ಫೋನು ಮಾಡಿ “ನಾ ಬರ್ತೇನಿ” ಎಂದರು. ನನ್ನ ಮೇಲಿನ ಪ್ರೀತಿಯಿಂದ ಎಂದು ಎರಡು ದಿನ ಉಬ್ಬಿಕೊಂಡು ತಿರುಗಿದೆ. ಆಮೇಲೆ ಸಂಗತಿ ಗೊತ್ತಾಯಿತು.

ನನ್ನ ಅಣ್ಣ ಪ್ರತಿ ಆಷಾಢಕ್ಕೆ ಔರಾದಿನಿಂದ ಪಂಢರಪುರಕ್ಕೆ ನಡೆದು ಹೋಗುವ ದಿಂಡಿಯ ಮುಖ್ಯಸ್ಥ. ತಾಳ ಬಾರಿಸುತ್ತ, ಹಾಡುತ್ತ, ಸಾಲುಗಟ್ಟಿ ನಡೆಯುವ ಭಕ್ತರ ತಂಡಕ್ಕೆ ದಿಂಡಿ ಎನ್ನುತ್ತೇವೆ. ಮುಂದೆ ಗಂಡಸರು, ಹಿಂದೆ ಹೆಂಗಸರು, ಅವರ ಹಿಂದೆ ಹಿಟ್ಟಿನ ಚೀಲ, ಪಾತ್ರೆ ಪಗಡ ಹೊತ್ತ ಒಂದು ಟ್ರಕ್ಕು. ಮದುವೆಯಾಗಿ ಬಂದಾಗಿನಿಂದ ಸಾಲು ತಪ್ಪಿಸದ ವೈನಿ ಕಳೆದ ವರ್ಷ ದಾರಿಯ ಕೊನೆಯ ತುಂಡಿನಲ್ಲಿ ಮಂಡಿ ಹಿಡಿದುಕೊಂಡು ಕುಳಿತುಬಿಟ್ಟರು. ಅಣ್ಣ ಅವರನ್ನು ಟ್ರಕ್ಕಿಗೆ ಹತ್ತಿಸಿದ. ಗ್ಯಾಸ್ ಸಿಲಿಂಡರಿಗೆ ಒರಗಿ, ಬದನೆಕಾಯಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ವೈನಿ ದೇವರ ಊರು ಮುಟ್ಟಿದರು. ಈ ವರ್ಷವಂತೂ ಅಣ್ಣ ಯುಗಾದಿಯ ದಿನವೇ ಸಾರಿಬಿಟ್ಟಿದ್ದ: “ನೀ ಟ್ರಕ್ಕಿನ್ಯಾಗೇ ಬಾ.”

“ನಾ ಏನ್ ಬದನಿಕಾಯಿ ಏನ್ರಿ, ಟ್ರಕ್ಕಿನ್ಯಾಗ ಬರ್ಲಿಕ್ಕೆ?” ಎಂದು ವೈನಿ ಕೇಳಿದರಂತೆ. ಬೇವು ಬೆಲ್ಲ ಹಂಚುತ್ತಿದ್ದ ತಟ್ಟೆ ಅಲ್ಲೇ ನಿಂತಿತು. “ಪರದೇಶದ ಗುಡ್ಡದಾಗ ಪೂರಾ ಒಂದಿನ, ಗಾಡಿ ಹತ್ಲಾರದ, ನಡದು ತೋರಿಸ್ತೇನಿ. ಆವಾಗ ಸಾಲಿನ್ಯಾಗ ಬಿಡ್ತೀರೋ ಇಲ್ಲೋ ಹೇಳ್ರಿ.”

ಬಿಡುತ್ತೇನೆ ಎಂದ ಅಣ್ಣ, ಒಬ್ಬ ಸಾಕ್ಷಿ ಬೇಕು ಎಂದ. ಸಾಕ್ಷಿ ನಾನು. ನಾದಿನಿಯಾದವಳು ವೈನಿಯ ಪರವಾಗಿ ಸುಳ್ಳು ಹೇಳಿದ್ದನ್ನು ನಮ್ಮ ತಾಲ್ಲೂಕಿನಲ್ಲಿ ಯಾರೂ ಕಂಡಿಲ್ಲ ಎಂಬುದು ಅವನ ಲೆಕ್ಕ. ಲೆಕ್ಕದಲ್ಲಿ ತಪ್ಪಿರಲಿಲ್ಲ. ನನ್ನ ಮದುವೆಯಲ್ಲಿ ನನ್ನ ಸೀರೆಯ ಬಣ್ಣದ ಬಗ್ಗೆ ವೈನಿ ಆಡಿದ ಮಾತನ್ನು ನಾನಿನ್ನೂ ಮರೆತಿಲ್ಲ.

ಮೊದಲ ಗುಡ್ಡ

ಆ ದೇಶದಲ್ಲಿ ಒಂದು ಉದ್ದನೆಯ ಕಾಲುದಾರಿ ಇದೆ. ಜನ ರಜೆ ಹಾಕಿ, ಬೆನ್ನಿಗೆ ಗಂಟು ಕಟ್ಟಿಕೊಂಡು, ವಾರಗಟ್ಟಲೆ ಅದರ ಮೇಲೆ ನಡೆಯುತ್ತಾರೆ. ನಾವು ಆರಿಸಿಕೊಂಡದ್ದು ಅದರಲ್ಲಿ ಒಂದು ದಿನದ ತುಂಡು. ಆರ್ಕಿ ಎಂಬ ಹೊಳೆಯ ಸೇತುವೆಯಿಂದ ಹೊರಟು, ರಾನಖ್ ಎಂಬ ಬಟ್ಟಬಯಲನ್ನು ದಾಟಿ, ಗ್ಲೆನ್‌ಕೋ ಕಣಿವೆಯ ಬಾಯಿಯಲ್ಲಿರುವ ವಸತಿಗೃಹ ಮುಟ್ಟಬೇಕು. ನಡುವೆ ಊರಿಲ್ಲ, ಅಂಗಡಿಯಿಲ್ಲ, ಚಹಾ ಇಲ್ಲ. ನಮ್ಮ ದೊಡ್ಡ ಚೀಲಗಳನ್ನು ಒಂದು ವ್ಯಾನು ರಸ್ತೆಯ ಮೇಲೆ ಸುತ್ತುಹಾಕಿ ಒಯ್ದು ಮುಟ್ಟಿಸುತ್ತದೆ. ವ್ಯಾನನ್ನು ಕಂಡ ಕೂಡಲೇ ವೈನಿಯ ಮುಖ ಬಿಗಿಯಿತು. “ಇಲ್ಲೂ ಟ್ರಕ್ಕ್ ಇಟ್ಟಾರ ನೋಡು,” ಎಂದರು.

ವ್ಯಾನಿನ ಯಜಮಾನಿ ಮೊರಾಗ್ ಎಂಬ ಗಟ್ಟಿಮುಟ್ಟಾದ ಹೆಂಗಸು. ವೈನಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಚ್ಚೆ ಹಾಕಿದ ಸೀರೆ, ಮೊಳಕಾಲಿನವರೆಗೆ ಅಣ್ಣನ ಉಣ್ಣೆಯ ಕಾಲುಚೀಲ, ಬೀದರಿನಲ್ಲಿ ಕೊಂಡ ಬೂಟು, ಕೊರಳಲ್ಲಿ ತುಳಸಿಮಣಿ, ಮೇಲೆ ಕೆಂಪು ರೇನ್‌ಕೋಟು. “ಇವತ್ತು ಹವಾ ಸ್ವಲ್ಪ ತಂಪು,” ಎಂದಷ್ಟೇ ಹೇಳಿದಳು. ಆಗ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಆ ಜನ ಹವಾಮಾನದ ಬಗ್ಗೆ ಮಾತಾಡುವುದು ಹೀಗೆಯೇ, ಮನೆಯ ಹುಡುಗನ ತುಂಟತನದ ಬಗ್ಗೆ ಮಾತಾಡಿದಂತೆ.

ನಮಗೆ ಮಂಜು ಎಂದರೆ ಪುಷ್ಯಮಾಸದಲ್ಲಿ ಬೀದರಿನ ನೌಬಾದದ ಕಡೆಯ ರಸ್ತೆಯ ಮೇಲೆ ನಾಲ್ಕು ಬೆಳಗು. ಬಿಸಿಲೇರಿದರೆ ಅದು ಹೇಳದೆ ಕೇಳದೆ ಹೋಗಿಬಿಡುತ್ತದೆ. ಇಲ್ಲಿಯ ಮಂಜಿಗೆ ಹೋಗುವ ಅವಸರವೇ ಇಲ್ಲ. ಗುಡ್ಡ ಹತ್ತುತ್ತಿದ್ದಂತೆ ಬಂದು ಮುಖಕ್ಕೆ ಮುಖ ಕೊಟ್ಟು ನಿಂತಿತು. ಕನ್ನಡಕ ತೆಗೆದರೂ ಕಾಣದು, ಹಾಕಿದರೂ ಕಾಣದು.

ಹಿಂದಿನಿಂದ ಬಂದವರೆಲ್ಲ ಒಂದು ನಗೆ, ಒಂದು ‘ಹಲೋ’ ಕೊಟ್ಟು ನಮ್ಮನ್ನು ದಾಟಿ ಹೋಗುತ್ತಿದ್ದರು. ವೈನಿ ಅವರನ್ನು ಗಮನವಿಟ್ಟು ನೋಡಿದರು. ಬೆನ್ನಿಗೆ ಗಂಟು, ಕೈಯಲ್ಲಿ ಕೋಲು, ಮುಖದಲ್ಲಿ ಸುಸ್ತು.

“ಇವರು ಯಾವ ದೇವರಿಗಿ ಹೊಂಟಾರ, ಟೀಚರಬಾಯಿ?” ನನ್ನನ್ನು ಕಾಡಿಸಬೇಕೆಂದಾಗ ವೈನಿ ಹೀಗೆ ಕರೆಯುತ್ತಾರೆ.

“ದೇವರಿಗಿ ಅಲ್ರಿ ವೈನಿ. ಸುಮ್ಮ ನಡೀಲತ್ತಾರ.”

“ಸುಮ್ಮ ಯಾರರೆ ನಡೀತಾರೇನು? ಕಡೀಕ ಏನದ ಹೇಳು.”

ನನಗೆ ಓದಿದ್ದು ನೆನಪಾಯಿತು. ದಾರಿ ಮುಗಿಯುವ ಊರಿನಲ್ಲಿ ಒಬ್ಬ ಮನುಷ್ಯನ ಮೂರ್ತಿ ಇದೆ, ಬೆಂಚಿನ ಮೇಲೆ ಕುಳಿತು ನೋಯುವ ಕಾಲು ತಿಕ್ಕಿಕೊಳ್ಳುತ್ತಿದ್ದಾನೆ ಎಂದೆ. ವೈನಿ ಅಲ್ಲೇ ನಿಂತುಬಿಟ್ಟರು.

“ಕಾಲ್ ನೋಯೋ ದೇವ್ರು!” ಎಂದು ಎರಡೂ ಕೈ ಜೋಡಿಸಿದರು. “ಹಾಂಗಂದ್ರ ಸರಿ ಅದ. ಅಂಥಾ ದೇವ್ರ ನಮ್ಮ ಕಡಿನೂ ಬೇಕಾಗಿದ್ದ.” ಅಲ್ಲಿಂದ ಮುಂದೆ ಅವರಿಗೆ ಅದು ಪ್ರವಾಸವಾಗಿ ಉಳಿಯಲಿಲ್ಲ, ದಿಂಡಿಯಾಯಿತು. ಸೊಂಟದ ಚೀಲದಿಂದ ಪುಟ್ಟ ತಾಳಜೋಡಿ ತೆಗೆದರು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನಿಂದ ಉದ್ದನೆಯ ವಿವರಣೆ ಕೊಡಿಸಿದ್ದು ಇದೇ ತಾಳಜೋಡಿ.

ಕಲ್ಲುಹಾಸಿನ ದಾರಿ

ಗುಡ್ಡ ಇಳಿದ ಮೇಲೆ ಹಳೆಯ ಕಾಲದ ಕಲ್ಲುಹಾಸಿನ ರಸ್ತೆ. ಹಿಂದೆ ಇಲ್ಲಿಂದ ದನಗಳನ್ನು ದೂರದ ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದರು ಎಂದು ಪಾಠ ಶುರುಮಾಡಿದೆ. ವೈನಿ ಕೇಳಲಿಲ್ಲ. ಅವರ ಕಣ್ಣೆದುರು ಒಂದು ದನವೇ ನಿಂತಿತ್ತು. ಮೈತುಂಬ ಕೆಂಚು ಕೂದಲು, ಹಣೆಯಿಂದ ಇಳಿಬಿದ್ದ ಕೂದಲಲ್ಲಿ ಕಣ್ಣೇ ಮಾಯ. ನಮ್ಮ ಔರಾದಿನ ದೇವಣಿ ತಳಿಯ ಎತ್ತುಗಳನ್ನು ಎಣ್ಣೆ ಹಚ್ಚಿದಂತೆ ನುಣ್ಣಗೆ ಕಂಡವರಿಗೆ ಇದು ಕಂಬಳಿ ಹೊದ್ದು ಎದ್ದುಬಂದ ಪ್ರಾಣಿ.

“ಪಾಪ, ದಾರಿ ಹ್ಯಾಂಗ ಕಾಣಬೇಕು ಅದಕ?” ವೈನಿ ತಮ್ಮ ತುರುಬಿನಿಂದ ಒಂದು ಪಿನ್ನು ತೆಗೆದು ಬೇಲಿಯ ಕಡೆ ನಡೆದರು. ಅದರ ಕೊಂಬು ನನ್ನ ತೋಳಿಗಿಂತ ಉದ್ದವಿತ್ತು. ರೇನ್‌ಕೋಟಿನ ಟೋಪಿ ಹಿಡಿದು ಹಿಂದಕ್ಕೆ ಎಳೆದೆ. ದನವೂ ಒಂದು ಹೆಜ್ಜೆ ಹಿಂದೆ ಸರಿಯಿತು. ಇಬ್ಬರಲ್ಲಿ ಅದಕ್ಕೇ ಬುದ್ಧಿ ಹೆಚ್ಚು.

ಕಲ್ಲುಹಾಸು ಮಂಡಿಗೆ ಆಗದು. ವೈನಿಯ ನಡಿಗೆ ಬದಲಾಗಿದ್ದು ನನಗೆ ಮೊದಲು ಕಿವಿಯಲ್ಲಿ ಗೊತ್ತಾಯಿತು. ತಾಳದ ಪೆಟ್ಟು ಒಂದು ಹತ್ತಿರ, ಒಂದು ದೂರ ಬೀಳತೊಡಗಿತು. “ನೋಯ್ಲತ್ತದೇನ್ರಿ?” ಎಂದೆ. “ಯಾವುದು?” ಎಂದರು. ಇನ್ನೊಮ್ಮೆ ಕೇಳುವ ಧೈರ್ಯ ನನಗಾಗಲಿಲ್ಲ.

ನಡುದಾರಿಯಲ್ಲಿ ಬಾ ಎಂಬ ಹೊಳೆಗೆ ಒಂದು ಸೇತುವೆ ಇದೆ, ಅದು ಇನ್ನೆಷ್ಟು ದೂರ ಎಂದು ಎದುರಿಗೆ ಬಂದ ಒಂದು ಜೋಡಿಯನ್ನು ಕೇಳಿದೆ. “ಓ, ಇಲ್ಲೇ ಮೂಲೆಯಲ್ಲಿ,” ಎಂದರು. ನಮ್ಮ ಕಡೆ ದಾರಿ ಕೇಳಿದರೆ “ಇಲ್ಲೇ ಅದರಿ” ಎನ್ನುವುದಕ್ಕೆ ಎಷ್ಟು ಅರ್ಥವಿದೆ ಎಂದು ಬಲ್ಲೆ. ಬೀದರಿನಲ್ಲಿ ನಿಂತು ಹೈದರಾಬಾದನ್ನೂ ‘ಇಲ್ಲೇ’ ಎನ್ನುವವರ ನಡುವೆ ಬೆಳೆದವಳು ನಾನು. ಅವರು ಹೇಳಿದ ಮೂಲೆ ಬರುವಷ್ಟರಲ್ಲಿ ನನ್ನ ಎಡಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು, ಒಡೆದು, ಮತ್ತೊಂದು ಎದ್ದಿತ್ತು.

ಬಾ ಸೇತುವೆ

ಕಲ್ಲಿನ ಪುಟ್ಟ ಸೇತುವೆ. ಕೆಳಗೆ ಹೊಳೆ ಚಹಾದ ಬಣ್ಣಕ್ಕಿತ್ತು. ಮಳೆ ನಿಂತಿತ್ತು, ಮಂಜು ನಿಂತಿರಲಿಲ್ಲ. ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ ಆ ಹವೆಯಲ್ಲಿ ಮೆತ್ತಗಾಗಿ ಕಾಗದದಂತೆ ಬಾಗುತ್ತಿತ್ತು, ಶೇಂಗಾ ಹಿಂಡಿ ಎಂಬ ನಮ್ಮ ಖಾರದ ಪುಡಿ ಮಾತ್ರ ತನ್ನ ಮರ್ಯಾದೆ ಉಳಿಸಿಕೊಂಡಿತ್ತು.

ಮಂಜಿನೊಳಗಿಂದ ಮೊದಲು ಒಂದು ಕಪ್ಪು ನಾಯಿ ಬಂತು, ಅದರ ಹಿಂದೆ ಉದ್ದನೆಯ ಒಬ್ಬ ಮುದುಕ. ಡಂಕನ್ ಎಂದು ಹೆಸರು ಹೇಳಿದ. ಒಂದು ಕಾಲಕ್ಕೆ ದೋಣಿ ನಡೆಸುತ್ತಿದ್ದವನಂತೆ. ನಾವು ಹೋಗುವ ಕಡೆಯಿಂದ ನಾವು ಬಂದ ಕಡೆಗೆ ಹೊರಟಿದ್ದ. ವೈನಿ ಎದ್ದು ನಿಂತರು. ದಿಂಡಿಯಲ್ಲಿ ಇಬ್ಬರು ಎದುರಾದರೆ ದೊಡ್ಡವರು ಸಣ್ಣವರು ಎನ್ನದೆ ಒಬ್ಬರ ಕಾಲಿಗೆ ಒಬ್ಬರು ಬೀಳುವುದು ಪದ್ಧತಿ. ನಾನು ಬಾಯಿ ತೆರೆಯುವ ಮೊದಲೇ ವೈನಿ ಬಗ್ಗಿ ಡಂಕನ್ನನ ಕೆಸರು ಬೂಟು ಮುಟ್ಟಿದರು. ಈ ಹೆಂಗಸು ಏನನ್ನೋ ಬೀಳಿಸಿಕೊಂಡಿದ್ದಾಳೆ ಎಂದು ತಿಳಿದ ಅವನು ಹುಡುಕಿಕೊಡಲು ತಾನೂ ಬಗ್ಗಿದ. ಕೆಳಗೆ ಏನೂ ಕಾಣದೆ ವೈನಿಯ ಬೂಟಿನ ಸುತ್ತ ಕೈಯಾಡಿಸಿದ.

“ನೋಡಿದೇನು ಸುಮನ?” ವೈನಿಯ ಕಣ್ಣು ತುಂಬಿ ಬಂದಿತ್ತು. “ರಿವಾಜ್ ಗೊತ್ತದ ಇವರಿಗಿ!”

ನಾನು ಅವರ ಭಕ್ತಿಯನ್ನೂ ಕೆಡಿಸಲಿಲ್ಲ, ಅವನ ಸೌಜನ್ಯವನ್ನೂ ಕೆಡಿಸಲಿಲ್ಲ. ಹೊಳೆಯ ಕಡೆ ತಿರುಗಿ ನಕ್ಕು ಮುಗಿಸಿದೆ.

ಡಂಕನ್ನನಿಗೆ ರೊಟ್ಟಿ ಹಿಂಡಿ ಹೋಯಿತು. ಅವನು ಒಂದು ತುತ್ತು ತಿಂದು, ಮುಖ ಕೆಂಪಗಾಗಿ, “ಸ್ವಲ್ಪ ಬೆಚ್ಚಗಿದೆ,” ಎಂದ. ಅವನು ಕೊಟ್ಟ ಓಟಿನ ಬಿಸ್ಕತ್ತನ್ನು ವೈನಿ ಕಟಕಟ ಕಡಿದು “ಜ್ವಾಳ ಅಲ್ಲ, ಆದ್ರೂ ಚಲೋ ಅದ,” ಎಂದು ತೀರ್ಪು ಕೊಟ್ಟರು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಅದರಿಂದ ಮಾತಿಗೆ ಯಾವ ಅಡ್ಡಿಯೂ ಆಗಲಿಲ್ಲ.

ಅವನು ಹೊರಟು ನಿಂತಾಗ ಅನಾಹುತ ಶುರುವಾಯಿತು. ನಮ್ಮ ಅನ್ನ ಉಂಡವನು ಅತಿಥಿ. ಅತಿಥಿಯನ್ನು ಹೊಸ್ತಿಲಲ್ಲೇ ಬಿಡುವ ಪದ್ಧತಿ ಔರಾದಿನಲ್ಲಿಲ್ಲ, ಊರ ಹೊರಗಿನ ಹಳ್ಳದವರೆಗಾದರೂ ನಡೆದು ಕಳಿಸಿಬರಬೇಕು. ವೈನಿ ತಾಳ ಹಿಡಿದು ಅವನ ಜೊತೆ ಹೆಜ್ಜೆ ಹಾಕಿದರು, ನಾವು ಆಗಷ್ಟೇ ಬೊಬ್ಬೆ ಎಬ್ಬಿಸಿಕೊಂಡು ದಾಟಿ ಬಂದ ದಾರಿಯಲ್ಲಿ, ಹಿಂದಕ್ಕೆ.

“ವೈನಿ, ಎಲ್ಲಿ ಹೊಂಟೀರಿ?”

“ಇಲ್ಲೇ, ಹಳ್ಳದ ತನ ಕಳಿಸಿ ಬರ್ತೇನಿ.”

ಸಾಕ್ಷಿಯಾದವಳು ಬಿಟ್ಟಿರುವಂತಿಲ್ಲ. ನಾನೂ ಹೊರಟೆ. ಒಂದು ತೊರೆ ಬಂತು. ವೈನಿ ಕೈಮುಗಿದು ತಿರುಗಿದರು. ಆಗ ಡಂಕನ್ನನಿಗೆ ಸಂಕಟವಾಯಿತು. ಇಷ್ಟು ಮಂಜಿನಲ್ಲಿ ಇಬ್ಬರು ಹೆಂಗಸರನ್ನು ಹೀಗೆ ಬಿಟ್ಟು ಹೋಗುವುದು ತನ್ನಿಂದಾಗದು, ಸೇತುವೆಯವರೆಗೆ ಬಿಟ್ಟು ಬರುತ್ತೇನೆ ಎಂದ. ಬೇಡ ಎಂದೆ. ಬೇಡ ಎಂದರೆ ಬಲವಂತ ಮಾಡಬೇಕು ಎಂಬುದು ಅಲ್ಲಿಯೂ ಪದ್ಧತಿಯಂತೆ. ನಮ್ಮನ್ನು ಸೇತುವೆಗೆ ತಂದು ಬಿಟ್ಟ.

ಸೇತುವೆಯಲ್ಲಿ ವೈನಿ ನನ್ನ ಕಿವಿಯಲ್ಲಿ ಹೇಳಿದರು: “ಕಳಿಸ್ಲಿಕ್ಕ ಬಂದವರಿಗಿ ಒಬ್ರೇ ಹ್ಯಾಂಗ ವಾಪಸ್ ಕಳಿಸಬೇಕು? ಮಂದಿ ಏನಂತಾರ?” ಆ ಬಟ್ಟಬಯಲಿನಲ್ಲಿ ಮಂದಿ ಎಂದರೆ ನಾನೊಬ್ಬಳೇ. ನಾನು ಏನೂ ಅನ್ನುವುದಿಲ್ಲ ಎಂದೆ. ಅಷ್ಟರಲ್ಲಿ ವೈನಿ ಮತ್ತೆ ಅವನ ಪಕ್ಕದಲ್ಲಿ ಹೊರಟಿದ್ದರು. ತೊರೆಯ ಹತ್ತಿರ ಡಂಕನ್ ಮತ್ತೆ ನಮ್ಮ ಜೊತೆ ತಿರುಗಿದ. ಎರಡು ಸಭ್ಯ ಜನಾಂಗಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡರೆ ಬಿಡಿಸುವವರು ಯಾರು? ಕೊನೆಗೆ ಬಿಡಿಸಿದ್ದು ನಾಯಿ. ಸೇತುವೆಗೂ ತೊರೆಗೂ ಸರಿಯಾಗಿ ನಡುವೆ ಕುಳಿತು, ಇನ್ನು ಯಾರ ಜೊತೆಗೂ ಯಾವ ಕಡೆಗೂ ಬರುವುದಿಲ್ಲ ಎಂದು ಮುಖ ಮಾಡಿತು. ಅಲ್ಲಿಯೇ ಎಲ್ಲರೂ ಎಲ್ಲರಿಗೂ ಕೈಮುಗಿದೆವು. ಹೋಗುವಾಗ ಡಂಕನ್ ನನ್ನನ್ನು ಸಮಾಧಾನ ಮಾಡಿದ: “ಚಿಂತೆ ಬೇಡ, ಇನ್ನು ಸ್ವಲ್ಪವೇ ದಾರಿ.” ಅದು ಸ್ವಲ್ಪವಾಗಿರಲಿಲ್ಲ. ಏರು ದಾರಿ ಮುಗಿಯುವಷ್ಟರಲ್ಲಿ ನಾನು ಡಂಕನ್ನನನ್ನೂ, ಔರಾದಿನ ಪದ್ಧತಿಗಳನ್ನೂ, ನನ್ನ ಭೂಗೋಳದ ಪದವಿಯನ್ನೂ ಒಂದೊಂದಾಗಿ ಶಪಿಸಿ ಮುಗಿಸಿದ್ದೆ.

ಕಾಣದ ಇಳಿಜಾರು

ಏರಿನ ಆಚೆ ದಾರಿ ಇಳಿಯಿತು. ಎಲ್ಲಿಗೆ ಇಳಿಯುತ್ತದೆ ಎಂದು ಕಾಣುತ್ತಿರಲಿಲ್ಲ. ವೈನಿಯ ತಾಳ ಎಂದೋ ನಿಂತಿತ್ತು. ಇಳಿಜಾರಿನಲ್ಲಿ ಅವರು ಮಗುವಿನಂತೆ ಒಂದೇ ಕಾಲನ್ನು ಮುಂದಿಟ್ಟು, ಇನ್ನೊಂದನ್ನು ಅದರ ಪಕ್ಕಕ್ಕೆ ಎಳೆದುಕೊಂಡು ಇಳಿಯುತ್ತಿದ್ದರು. ಹಲ್ಲು ಕಚ್ಚಿದ್ದು ಕೆನ್ನೆಯಲ್ಲಿ ಕಾಣುತ್ತಿತ್ತು. ನನಗೆ ಅಳು ಬಂತು. ಅವರಿಗಾಗಿ ಅರ್ಧ, ನನ್ನ ಹಿಮ್ಮಡಿಗಾಗಿ ಅರ್ಧ.

ಕೆಳಗೆ ಒಂದು ಡಾಂಬರು ರಸ್ತೆ ಸಿಕ್ಕಿತು. ರಸ್ತೆ ಕಂಡರೆ ಇಷ್ಟು ಸಂತೋಷವಾಗುತ್ತದೆಂದು ಬೀದರ್–ಔರಾದ ರಸ್ತೆಯಲ್ಲಿ ಓಡಾಡಿದವಳು ಎಂದೂ ಅಂದುಕೊಂಡಿರಲಿಲ್ಲ. ಎರಡು ಹಳದಿ ದೀಪಗಳು ಬಂದು ನಮ್ಮ ಪಕ್ಕದಲ್ಲಿ ನಿಂತವು. ಮೊರಾಗ್‌ಳ ವ್ಯಾನು. ಚೀಲ ಇಳಿಸಿ ಬೇರೇನೋ ಕೆಲಸಕ್ಕೆ ಬಂದಿದ್ದಳು. ಬಾಗಿಲು ತೆರೆದಳು. ಒಳಗಿಂದ ಬೆಚ್ಚನೆಯ ಗಾಳಿ ಬಂತು.

“ಇನ್ನೆಷ್ಟು ದೂರ?” ಎಂದು ಕೇಳಿದೆ.

“ದೂರವೇನಿಲ್ಲ. ಇಲ್ಲೇ ಕೆಳಗೆ,” ಎಂದಳು.

ಇಡೀ ದಿನ ಆ ದೇಶದ ‘ಇಲ್ಲೇ’ಯನ್ನು ಕಾಲಿನಲ್ಲಿ ಅಳೆದವಳು ನಾನು. ಇನ್ನು ಎರಡು ಗಂಟೆಯ ದಾರಿ ಎಂದೇ ಅರ್ಥ ಮಾಡಿಕೊಂಡೆ. ವೈನಿಯ ಮುಖ ನೋಡಿದೆ. ಅವರು ವ್ಯಾನಿನಿಂದ ನಾಲ್ಕು ಹೆಜ್ಜೆ ದೂರ ಸರಿದು ನಿಂತಿದ್ದರು, ನಾಯಿ ಕಂಡವರ ಹಾಗೆ.

“ವೈನಿ, ಸಾಕ್ರಿ. ಹತ್ರಿ. ನಾ ಅಣ್ಣಗ ಹೇಳಲ್ಲ.”

“ನಾ ಹೇಳ್ತೇನಲ್ಲ. ನೀ ಹತ್ತು. ನಿನ್ನ ಮಾರಿ ನೋಡಿದ್ರ ನನಗೇ ಸುಸ್ತ್ ಆಗ್ಲತ್ತದ.”

“ಸಾಕ್ಷಿ ಯಾರು ಮತ್ತ?”

“ಮ್ಯಾಲ ಇದ್ದಾನಲ್ಲ,” ಎಂದು ಮಂಜಿಗೆ ಕೈ ತೋರಿಸಿ ನಡೆದುಬಿಟ್ಟರು.

ನಾನು ಹತ್ತಿದೆ. ಬೂಟಿನ ಲಾಡಿ ಬಿಚ್ಚಿ, ಹಿಂದಕ್ಕೆ ಒರಗಿ, ಕಣ್ಣು ಮುಚ್ಚಿ ಒಂದು ನಿಟ್ಟುಸಿರು ಬಿಟ್ಟೆ. ಎರಡನೆಯದನ್ನು ಬಿಡುವಷ್ಟರಲ್ಲಿ ವ್ಯಾನು ನಿಂತಿತು. ವಸತಿಗೃಹ ಬಂದಿತ್ತು. ಇಡೀ ದೇಶದಲ್ಲಿ ‘ಇಲ್ಲೇ’ ಎಂದರೆ ‘ಇಲ್ಲೇ’ ಎಂದೇ ಅರ್ಥವಿದ್ದ ಒಬ್ಬಳೇ ಒಬ್ಬ ಹೆಂಗಸು ನನಗೆ ಸಿಕ್ಕಿದ್ದಳು, ನಾನು ಅವಳನ್ನು ನಂಬಲಿಲ್ಲ.

ಬಾಗಿಲಲ್ಲಿ ನಿಂತು ಕಾದೆ. ಚಹಾ ಬಂತು, ಆರಿತು. ಅಷ್ಟು ಹತ್ತಿರದ ದಾರಿಗೆ ವೈನಿ ಬರುತ್ತಲೇ ಇಲ್ಲ. ಮಂಜು ಇನ್ನೂ ದಟ್ಟವಾಯಿತು. ಬಿದ್ದರೇ, ದಾರಿ ತಪ್ಪಿದರೇ, ಯಾರನ್ನಾದರೂ ಕಳಿಸಿಬರಲು ಹೊರಟುಬಿಟ್ಟರೇ? ಅಣ್ಣನಿಗೆ ಏನೆಂದು ಮುಖ ತೋರಿಸಲಿ? ಲಾಡಿ ಬಿಚ್ಚಿದ ಬೂಟಿನಲ್ಲೇ ಹೊರಗೆ ಓಡಿದೆ. ಅಂಗಳದ ಗೇಟಿನಲ್ಲಿ ಕೆಂಪು ರೇನ್‌ಕೋಟು ಕಂಡಿತು.

“ಯಾಕ್ರಿ ಇಷ್ಟೊತ್ತು?” ಜೀವ ಬಂದಂತಾಗಿ ಜೋರಾಗಿಯೇ ಕೇಳಿದೆ.

“ಮಂಡಿ ಬರಲ್ಲಂತ ಹಟ ಹಿಡೀತು. ಅದರ ಜೋಡಿ ಜಗಳಾಡ್ಕೋತ ಬಂದೆ,” ಎಂದರು. ಮುಖ ಬೆವರು, ಮಳೆ ಎರಡರಲ್ಲೂ ತೊಯ್ದಿತ್ತು. “ಕಡೀಕ ನಾನೇ ಗೆದ್ದೆ.”

ವಸತಿಗೃಹದ ಊಟದ ಕೋಣೆ

ಬೇಸಿಗೆಯಲ್ಲಿ ಆ ನಾಡಿನಲ್ಲಿ ಸಂಜೆ ಮುಗಿಯುವುದೇ ಇಲ್ಲ. ಇಲ್ಲಿ ಬೆಳಕಿರುವಾಗಲೇ ಅಲ್ಲಿ ಔರಾದಿನಲ್ಲಿ ಅಣ್ಣ ಹಾಸಿಗೆ ಹಾಸಿಕೊಂಡು, ನಿದ್ದೆ ಮಾಡದೆ ಫೋನು ಹಿಡಿದು ಕುಳಿತಿದ್ದ. ವಿಡಿಯೋದಲ್ಲಿ ಅವನ ಮೂಗು ಮಾತ್ರ ಕಾಣುತ್ತಿತ್ತು. ಹೆಂಡತಿಯನ್ನು ಒಂದು ಮಾತೂ ಕೇಳದೆ ನೇರವಾಗಿ ಸಾಕ್ಷಿಯ ವಿಚಾರಣೆಗೆ ಇಳಿದ.

“ಸುಮನ, ಪೂರಾ ನಡದಾಳೇನು ನಿಮ್ಮ ವೈನಿ? ಕಣ್ಣಾರೆ ನೋಡೀ ಏನು?”

ನಾನು ‘ನೋಡೀನಿ’ ಎಂದು ಹೇಳಲು ಬಾಯಿ ತೆರೆದೆ. ದೇವರಾಣೆ ತೆರೆದೆ. ನಾದಿನಿಯಾಗಿ ಮೊದಲ ಸಲ ವೈನಿಯ ಪರವಾಗಿ ಒಂದು ಸುಳ್ಳು ನಾಲಗೆಯ ತುದಿಗೆ ಬಂದಿತ್ತು.

“ಎಲ್ಲಿ ನೋಡ್ಯಾಳ್ರಿ?” ವೈನಿ ಅಡ್ಡ ಬಾಯಿ ಹಾಕಿದರು. “ಕಡೀಕ ಇಕಿ ಗಾಡಿ ಹತ್ಯಾಳ!”

ಮೂಗು ಮಾಯವಾಗಿ ಅಣ್ಣನ ಒಂದು ಕಣ್ಣು ಕಾಣಿಸಿತು. “ಹಾಂಗಂದ್ರ ಕಡೀ ತುಕಡಾ ಯಾರ್ ನೋಡ್ಯಾರ?”

“ಯಾರೂ ಇಲ್ರಿ. ಖರೇ ನಾ ನಡದೀನಿ.”

“ಹ್ವಾದ ವರ್ಷನೂ ಕುಂತಿದ್ದು ಕಡೀ ತುಕಡಾದಾಗೇ. ಸಾಕ್ಷಿ ಇಲ್ಲಂದ್ರ ಇಲ್ಲ. ಮಾತ್ ಅಂದ್ರ ಮಾತ್.”

ಫೋನು ಕಟ್ಟಾಯಿತು. ಯಾಕ್ರಿ ಹೇಳಿದಿರಿ ಎಂದು ವೈನಿಯ ಮೇಲೆ ಹರಿಹಾಯ್ದೆ. ವೈನಿ ಗಾರೆಯಂತೆ ಕಲಸಿದ ಆಲೂಗಡ್ಡೆಯನ್ನು ಚಮಚದಲ್ಲಿ ಒತ್ತಿ ನೋಡುತ್ತ ಕುಳಿತಿದ್ದರು. “ಸುಳ್ಳ ಹೇಳಿ ಸಾಲಿನ್ಯಾಗ ನಿಂತ್ರ, ತಾಳ ಬಡೀಲಿಕ್ಕ ಕೈ ಏಳ್ತದೇನು?” ಎಂದರು. ಆಮೇಲೆ ಮೇಜಿನ ಕೆಳಗೆ ಕಾಲು ಚಾಚಿ ಸೀರೆ ಸರಿಸಿದರು. ಮಂಡಿ ಬೆಲ್ಲದ ಪೆಂಟೆಯಂತೆ ಊದಿತ್ತು. ಕುಳಿತಲ್ಲೇ ಕುದಿದೆ, ಅಣ್ಣನ ಮೇಲೆ, ವ್ಯಾನಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ.

ಮರುದಿನ ಬೆಳಿಗ್ಗೆ

“ಏಳ್ರಿ ಟೀಚರಬಾಯಿ. ಗಾಡಿ ಹತ್ತಿದ ಜಾಗಾ ತೋರಸ್ರಿ.”

ವೈನಿ ಆಗಲೇ ಕಚ್ಚೆ ಹಾಕಿ, ಮಂಡಿಗೆ ಅಣ್ಣನ ಕಾಲುಚೀಲವನ್ನೇ ಬಿಗಿಯಾಗಿ ಸುತ್ತಿ ನಿಂತಿದ್ದರು. ಅಲ್ಲಿಯವರೆಗೆ ಮೊರಾಗ್ ಬಿಡುತ್ತಾಳೆ, ಅಲ್ಲಿಂದ ಇಲ್ಲಿಗೆ ನಡೆದರಾಯಿತು ಎಂದೆ. ಪಂಢರಪುರದಿಂದ ಬರುವಾಗ ಎಲ್ಲರೂ ಬಸ್ಸು ಹತ್ತುತ್ತಾರಲ್ಲ, ತಿರುಗಿ ಹೋಗುವ ದಾರಿ ಲೆಕ್ಕಕ್ಕಿಲ್ಲವಲ್ಲ ಎಂದು ಶಾಸ್ತ್ರವನ್ನೂ ಹೇಳಿದೆ.

“ನಿಮ್ಮಣ್ಣಗ ಗಾಡಿ ಅನ್ನೋ ಶಬ್ದನೇ ಕೇಳಿಸಬಾರ್ದು. ನಡಿ,” ಎಂದರು.

ಹಾಗಾಗಿ ಮೊದಲು ಹಿಂದಕ್ಕೆ ನಡೆದೆವು, ಆಮೇಲೆ ಮುಂದಕ್ಕೆ. ಅಂದು ಮಂಜು ಎದ್ದಿತ್ತು. ಮ್ಯಾಪಿನಲ್ಲಿ ಮಾತ್ರ ಕಂಡಿದ್ದ ಬೆಟ್ಟ ದಾರಿಯ ಪಕ್ಕದಲ್ಲೇ ತಲೆಯೆತ್ತಿ ನಿಂತಿತ್ತು, ನಿನ್ನೆ ಎಲ್ಲಿ ಅಡಗಿತ್ತೋ. ನಾನು ವ್ಯಾನು ಹತ್ತಿದ ಜಾಗದಿಂದ ವಸತಿಗೃಹದ ಹೊಗೆಗೂಡು ಸ್ಪಷ್ಟವಾಗಿ ಕಾಣುತ್ತಿತ್ತು. ನಾಚಿಕೆಯಾಯಿತು. ವೈನಿ ಬೆಟ್ಟವನ್ನೂ ನೋಡಲಿಲ್ಲ, ಹೊಗೆಗೂಡನ್ನೂ ನೋಡಲಿಲ್ಲ. ಕೆಳಗೆ ಕಾಲಿಡುವ ಜಾಗವನ್ನು ನೋಡುತ್ತ ನಡೆದರು. ಒಮ್ಮೆ ಜಾರಿದರು. ಕೈ ಚಾಚಿದೆ.

“ಹಿಡೀಬ್ಯಾಡ! ಹಿಡದ್ರ ಲೆಕ್ಕಕ್ಕ ಬರಲ್ಲ. ಸಾಕ್ಷಿ ಬರೀ ನೋಡಬೇಕು.”

ಬರೀ ನೋಡುವುದು ಎಷ್ಟು ಕಷ್ಟದ ಕೆಲಸ ಎಂದು ನನಗೆ ಅಂದು ಗೊತ್ತಾಯಿತು. ಅವರು ಕಾಲಿಟ್ಟಾಗಲೆಲ್ಲ ನನ್ನ ಮಂಡಿ ನೋಯುತ್ತಿತ್ತು. ಸಾಕು ಬಿಡಿ, ನಾನೇ ಅಣ್ಣನ ಕಾಲು ಹಿಡಿಯುತ್ತೇನೆ ಎನ್ನಬೇಕೆನಿಸಿತು. ಅನ್ನಲಿಲ್ಲ. ಗೇಟಿನಲ್ಲಿ ಮೊರಾಗ್ ವ್ಯಾನಿಗೆ ಚೀಲ ಹಾಕುತ್ತಿದ್ದವಳು ಕೆಲಸ ನಿಲ್ಲಿಸಿ ನೋಡಿದಳು. ಯಾಕೆ, ಏನು ಎಂದು ಕೇಳಲಿಲ್ಲ. ವೈನಿ ಗೇಟು ದಾಟಿದ ಕೂಡಲೇ ಟೋಪಿ ತೆಗೆದಳು.

ಅಲ್ಲೇ ಕಟ್ಟೆಯ ಮೇಲೆ ಕುಳಿತು ಫೋನು ಹಚ್ಚಿದೆವು. ಅಣ್ಣ ಒಂದೇ ರಿಂಗಿಗೆ ಎತ್ತಿದ.

“ನೋಡೀನಿ ಅಣ್ಣಾ,” ಎಂದೆ. “ಒಂದೊಂದ್ ಹೆಜ್ಜಿ ನೋಡೀನಿ. ಕಡೀ ತುಕಡಾ ಎರಡೆರಡು ಸಲ ನಡದಾರ. ಇನ್ನೊಂದ್ ಮಾತ್ ಆಡಿದ್ರ ನಾ ನಿನ್ನ ತಂಗೀನೇ ಅಲ್ಲ.”

ಫೋನಿನ ತೆರೆಯಲ್ಲಿ ಈ ಸಲ ಅವನ ಪೂರ್ತಿ ಮುಖ ಕಂಡಿತು. ರಾತ್ರಿಯಿಡೀ ಮಲಗಿದಂತಿರಲಿಲ್ಲ.

“ಮಂಡಿ ಬಾತದೇನು?” ಎಂದು ನನ್ನನ್ನೇ ಕೇಳಿದ.

“ಬಾತದ.”

“ಹ್ವಾದ ವರ್ಷ ಅಕಿ ಹಿಂದ ಕುಂತಿದ್ದು ನನಗ ಗೊತ್ತೇ ಆಗಿಲ್ಲ, ಸುಮನ. ನಾ ಮುಂದ ಹಾಡಕೋತ ಹೊಂಟಿದ್ದೆ. ಯಾರೋ ಓಡಿ ಬಂದು ಹೇಳಿದ್ರು. ಬರೂತನ ಎಷ್ಟೊತ್ತಾಗಿತ್ತೋ ಏನೋ, ಒಬ್ಬಕೀನೇ ರೋಡಿನ ಬಾಜೂಕ ಕುಂತಿದ್ದಳು.” ಫೋನನ್ನು ಇನ್ನಷ್ಟು ಹತ್ತಿರ ಹಿಡಿದ. “ಸಾಲಿನ್ಯಾಗ ಬಾ ಅನ್ನು ಅಕಿಗಿ. ಆದ್ರ ಹೆಂಗಸರ ಸಾಲಿನ್ಯಾಗ ಹಿಂದ ಬ್ಯಾಡ. ನನ್ನ ಮುಂದ ನಡೀಲಿ. ನನ್ನ ಕಣ್ಣಿಗಿ ಕಾಣ್ಬೇಕು.”

ನಾನು ಫೋನನ್ನು ವೈನಿಯ ಕಡೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಡೆಗೂ ನೋಡದೆ, ಬೆಟ್ಟದ ಕಡೆ ತಿರುಗಿ ಕುಳಿತರು.

“ಹೇಳು ಅವರಿಗಿ,” ಎಂದರು. “ನಾ ಜೋರ್ ನಡೀತೇನಿ. ಹಿಂದ ಉಳದ್ರ ಕೂಗ್ರಿ ಅಂತ ಹೇಳು, ನಿಂದರ್ತೇನಿ.”